ಶುಭಂ ಎನ್ನುವ ಮುನ್ನ

ಪೆದಲಂಕ
ಆಷಾಢ ಶುದ್ಧ ಏಕಾದಶಿ

ಚಿರಂಜೀವಿ ಹೈಮಾವತಿಗೆ ನಿನ್ನ ಪೆದ್ದಮ್ಮ ಮಾಣಿಕ್ಯಾಂಬ ಮಾಡುವ ಆಶೀರ್ವಾದಗಳು.

ಇವತ್ತು ತೊಲಿ ಏಕಾದಶಿ, ನನಗೆ ಉಪವಾಸ. ನಸುಕಿಗೇ ಎದ್ದು ಅಂಗಳಕ್ಕೆ ಸಗಣಿ ನೀರು ಹಾಕಿ ರಂಗೋಲಿ ಎಳೆದೆ. ಎಮ್ಮೆ ಕರೆದೆ. ತುಳಸಿಗೆ ನೀರೆರೆದು ರಾಮಕೋಟಿ ಪುಸ್ತಕದಲ್ಲಿ ಒಂದು ಪುಟ ನಾಮ ಬರೆದೆ. ಮನೆಯವರಿಗೆ ಅರಳಿನ ಹಿಟ್ಟಿಗೆ ಬೆಲ್ಲ ಕಲಸಿಟ್ಟು ಹತ್ತು ಗಂಟೆಗೆ ಲೈಬ್ರರಿ ಬೀಗ ತೆಗೆದರೆ ಮೇಷ್ಟ್ರು ಆಗಲೇ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ನಿನ್ನ ಕವರು.

ಮೂರು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ. ಕವರಿನ ಮೇಲೆ ಇದ್ದದ್ದು ಸೋಮಯಾಜುಲು ಮೇಷ್ಟ್ರ ಹೆಸರು, ಲೈಬ್ರರಿ ಕಾರ್ಯದರ್ಶಿ ಅಂತ. ಒಳಗೆ ಒಂದು ಸಿ.ಡಿ., ಜೊತೆಗೆ ನನಗೆ ನಾಲ್ಕು ಸಾಲು. ಅಷ್ಟೇ ಸಾಕು.

ಮೇಷ್ಟ್ರು ಸಿ.ಡಿ. ಹಾಕಿ ನೀನು ಬರೆದ ‘ಪಡವ’ ಪ್ರೋಗ್ರಾಮನ್ನು ಕಂಪ್ಯೂಟರ್ ಯಂತ್ರಕ್ಕೆ ಇಳಿಸಿದರು. ದೋಣಿ ಅಂತ ಹೆಸರಿಟ್ಟಿದ್ದು ಚೆನ್ನಾಗಿದೆ. ಈ ದಡದ ಕಡತಗಳನ್ನು ಆ ದಡಕ್ಕೆ ಸಾಗಿಸುವುದೇ ಅದರ ಕೆಲಸ ಅಂತ ನನಗೂ ತಿಳಿಯಿತು. ಕರಿ ತೆರೆಯ ಮೇಲೆ ನೀನು ಚೀಟಿಯಲ್ಲಿ ಬರೆದ ಹಾಗೆ ಒಂದೇ ಬೆರಳಿನಲ್ಲಿ ಅಕ್ಷರ ಕುಟ್ಟಿದೆ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ತೆಲುಗೇ ಬರುತ್ತದಲ್ಲ, ಸಂತೋಷವಾಯಿತು.

ಇಲ್ಲಿಯ ಸ್ಥಿತಿ ನಿನಗೆ ತಿಳಿದಿರಲಿ. ಗೋದಾವರಿ ನಡುಗಡ್ಡೆಯ ನಮ್ಮ ಹನ್ನೆರಡು ಲಂಕೆಗಳ ಹೆಂಗಸರು ಹಾಡಿದ ಸಾವಿರದ ನೂರ ನಲವತ್ತು ಹಾಡುಗಳು ಒಂದು ಡಿಸ್ಕಿನಲ್ಲಿವೆ. ಕ್ಯಾಸೆಟ್ಟುಗಳೆಲ್ಲ ಹೋದ ವರ್ಷ ಗೋದಾವರಿ ಒಳಗೆ ಬಂದಾಗ ನೆನೆದು ಹಾಳಾದವು. ಈಗ ಉಳಿದಿರುವುದು ಅದೊಂದೇ, ಅದೂ ಹಚ್ಚಿದರೆ ಟಕ್ ಟಕ್ ಅನ್ನುತ್ತದೆ. ಪಟ್ಟಣದ ಕಂಪನಿಯವರು ‘ನಮಗೆ ಕೊಡಿ, ನಾವೇ ನಕಲು ಮಾಡಿಟ್ಟುಕೊಳ್ಳುತ್ತೇವೆ’ ಅಂತ ಬರೆದಿದ್ದಾರೆ. ಕೊಟ್ಟರೆ ಹಾಡು ಲಂಕೆ ದಾಟಿ ಹೋದಂತೆ. ಮೇಷ್ಟ್ರು ಹೇಳಿದ್ದು ಇದು:

“ಮಾಣಿಕ್ಯಾಂಬ, ಕಾರ್ತಿಕ ಪೌರ್ಣಮಿ ತನಕ ಗಡುವು. ಆ ಡಿಸ್ಕು ಇನ್ನೊಂದೆರಡು ಸಲ ತಿರುಗೀತು, ಅಷ್ಟೇ. ನಿಮ್ಮ ಹುಡುಗಿಯ ದೋಣಿ ಮುಳುಗೋದಿಲ್ಲ ಅಂತ ನನಗೆ ನಂಬಿಕೆ ಬರಬೇಕು. ಬರದಿದ್ರೆ ಪಟ್ಟಣದೋರಿಗೆ ಕೊಟ್ಟು ಕೈ ತೊಳಕೊಳ್ತೀನಿ.”

ಅದಕ್ಕೇ ಮೊದಲು ಸುಳ್ಳು ಸರಕಿನ ಮೇಲೆ ಪರೀಕ್ಷೆ. ಮೇಷ್ಟ್ರ ಹತ್ತಿರ ಹರಿಕಥೆಯ ಸಿ.ಡಿ.ಗಳಿದ್ದವು, ಅವುಗಳಲ್ಲಿ ನಲವತ್ತು ಕಂತು. ಅವನ್ನು ಸಾಗಿಸಿದೆ. ಚೆನ್ನಾಗಿ ಸಾಗಿದವು. ಕೊನೆಗೆ ತೆರೆಯ ಮೇಲೆ ‘ಶುಭಂ’ ಅಂತ ಬಂತು. ಎಲ್ಲ ಚೆನ್ನಾಗಿದೆ. ಇಲ್ಲಿ ಎಲ್ಲರೂ ಕ್ಷೇಮ.

ಇಂತಿ ನಿನ್ನ ಪೆದ್ದಮ್ಮ,
ಮಾಣಿಕ್ಯಾಂಬ
ಶುಭಂ


ವಿಶಾಖಪಟ್ಟಣ
ಜುಲೈ 24

ಪೆದ್ದಮ್ಮ,

‘ಎಲ್ಲ ಚೆನ್ನಾಗಿದೆ’ ಎಂದು ಬರೆಯಬೇಡ. ನನಗೆ ಅದು ಬೇಕಿಲ್ಲ. ಚೆನ್ನಾಗಿ ನಡೆಯುವುದನ್ನು ನಾನೇ ಇಲ್ಲಿ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೂತು ನೋಡಿದ್ದೇನೆ. ನಿನ್ನನ್ನು ಕೇಳಿದ್ದು ಕೆಡಿಸಲಿಕ್ಕೆ. ಇಲ್ಲದ ಹೆಸರು ಕೊಡು. ಬೀಗ ಹಾಕಿದ ಕಡೆಗೆ ಸಾಗಿಸು ಅನ್ನು. ಜಾಗ ತುಂಬಿದ ಡಿಸ್ಕು ಕೊಡು. ಮಧ್ಯೆ ವೈರು ಕಿತ್ತುಹಾಕು. ಪ್ರತಿ ಸಲ ಮೂರೇ ಮಾತು ಬರೆ: ನೀನು ಏನು ಮಾಡಿದೆ, ಅದು ಏನು ಹೇಳಿತು, ನಿಜಕ್ಕೂ ಏನಾಯಿತು.

ಫೋನ್ ಬೂತಿನಿಂದ ಮಾತಾಡುವುದು ಬೇಡ. ಫೋನಿನಲ್ಲಿ ನೀನು ಕ್ಷೇಮವನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ಅದು ನನಗೆ ಗೊತ್ತು.

ಹೈಮ


ಪೆದಲಂಕ
ಶ್ರಾವಣ ಎರಡನೇ ಶುಕ್ರವಾರ

ಹೈಮಾ, ಆಶೀರ್ವಾದಗಳು.

ವರಲಕ್ಷ್ಮಿಯನ್ನು ಕೂರಿಸಿ, ಒಂಬತ್ತು ಬಗೆ ಅಡುಗೆ ನೈವೇದ್ಯ ಮಾಡಿ, ಮುತ್ತೈದೆಯರಿಗೆ ನೆನೆಗಡಲೆ ಹಂಚಿ ಈಗ ಕೂತಿದ್ದೇನೆ. ನಿನ್ನ ಕೊನೆಯ ಸಾಲು ಓದಿ ಎರಡು ದಿನ ಊಟ ರುಚಿಸಲಿಲ್ಲ. ಇರಲಿ. ಕೆಡಿಸು ಅಂದೆಯಲ್ಲ, ಕೆಡಿಸಿದೆ.

ಮೊದಲು ಮನಸ್ಸು ಬರಲಿಲ್ಲ. ಮಾಡಿದ್ದನ್ನು ಮುರಿಯುವುದೇ ಕೆಲಸ ಅಂದರೆ ಹೇಗೆ? ನಮ್ಮ ಮನೆಯವರು, ನಿನ್ನ ಪೆದನಾನ್ನ, ಎಮ್ಮೆಗೆ ಹುಲ್ಲು ಹಾಕುತ್ತಾ, “ಮನೇಲಿ ಪಿಂಗಾಣಿ ಒಡೆದಿದ್ದು ಸಾಲದು ಅಂತ ಈಗ ಲೈಬ್ರರೀಲೂ ಶುರು ಮಾಡಿದ್ಯಾ?” ಅಂದರು. “ಅಲ್ಲಿ ಒಡೆಯೋದಕ್ಕೆ ಶಹಬ್ಬಾಸ್ ಅಂತಾರೆ, ಇಲ್ಲಿ ಬೈತೀರಿ” ಅಂದೆ.

ಇಲ್ಲದ ಹೆಸರು ಕೊಟ್ಟೆ. ‘ಈ ಹೆಸರಿನವರು ಈ ದಡದಲ್ಲಿ ಇಲ್ಲ’ ಅಂದಿತು. ಏನೂ ಸಾಗಲಿಲ್ಲ. ಸರಿ.

ಹೊರಡುವ ಜಾಗ, ತಲುಪುವ ಜಾಗ ಎರಡಕ್ಕೂ ಒಂದೇ ಹೆಸರು ಕೊಟ್ಟೆ. ‘ಎರಡೂ ಒಂದೇ ದಡ, ದಾಟುವುದೆಲ್ಲಿಗೆ?’ ಅಂತ ನನ್ನನ್ನೇ ಕೇಳಿತು. ನೀನು ಚಿಕ್ಕವಳಿದ್ದಾಗಲೂ ಹೀಗೇ ಎದುರುತ್ತರ ಕೊಡುತ್ತಿದ್ದೆ.

ಬೀಗ ಹಾಕಿದ ಕಡೆ ಕಳಿಸಿದೆ. ‘ಒಳಗೆ ಇಡಲು ಅಪ್ಪಣೆಯಿಲ್ಲ’ ಅಂದಿತು. ಸರಿ.

ಆಮೇಲೆ ಜಾಗ ತುಂಬಿದ ಡಿಸ್ಕು. ಮೇಷ್ಟ್ರ ಮೊಮ್ಮಗಳ ಮದುವೆಯ ವಿಡಿಯೋ ತುಂಬಿಸಿ ಸಣ್ಣ ಸಂದು ಬಿಟ್ಟು, ನಲವತ್ತು ಕಂತನ್ನೂ ಅಲ್ಲಿಗೆ ಸಾಗಿಸು ಅಂದೆ. ಮೇಷ್ಟ್ರು ಪಕ್ಕದಲ್ಲಿದ್ದರು. ಸಾಲು ಸಾಲು ಅಕ್ಷರ ಓಡಿದವು. ಕೊನೆಗೆ ‘ಶುಭಂ’ ಬಂತು. ಮೇಷ್ಟ್ರು ಎದ್ದು ಪಂಚೆ ಕೊಡವಿಕೊಂಡು, “ತುಂಬಿದ ಡಿಸ್ಕಿಗೂ ತುಂಬಿಬಿಡ್ತಲ್ಲಮ್ಮ, ಗಟ್ಟಿಗಿತ್ತಿ ನಿಮ್ಮ ಹುಡುಗಿ!” ಅಂತ ಕಾಫಿಗೆ ಹೊರಟೇಬಿಟ್ಟರು.

ನನಗೆ ತಡೆಯಲಿಲ್ಲ. ಓಡಿಹೋದ ಸಾಲುಗಳನ್ನು ಮೇಲಕ್ಕೆ ಎಳೆದು ಓದಿದೆ. ‘ಜಾಗವಿಲ್ಲ’ ಅಂತ ಇಪ್ಪತ್ತೊಂಬತ್ತು ಸಲ ಹೇಳಿದೆ. ಅಲ್ಲಿ ಇಳಿದಿದ್ದು ಹನ್ನೊಂದೇ ಕಂತು. ಇಪ್ಪತ್ತೊಂಬತ್ತನ್ನು ನೀರಿಗೆ ಬಿಟ್ಟು ದಡಕ್ಕೆ ಬಂದು ಶುಭಂ ಅಂದರೆ ಅದು ಎಂಥ ದೋಣಿಯವ್ವ? ನಮ್ಮ ಸಿನಿಮಾಗಳ ಹಾಗಾಯಿತು. ನಾಯಕ ಸತ್ತು ನಾಯಕಿ ವಿಷ ಕುಡಿದರೂ ಕೊನೆಗೆ ತೆರೆಯ ತುಂಬ ಶುಭಂ.

ಓಡುವ ಸಾಲು ಯಾರು ಓದುತ್ತಾರೆ ಹೈಮಾ? ಎಲ್ಲರೂ ನೋಡುವುದು ಕೊನೆಯ ಮಾತನ್ನು.

ಇಂತಿ,
ಮಾಣಿಕ್ಯಾಂಬ


ವಿಶಾಖಪಟ್ಟಣ
ಆಗಸ್ಟ್ 27

ಪೆದ್ದಮ್ಮ,

ನಿನ್ನ ಪತ್ರವನ್ನು ನಮ್ಮ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಜೊತೆಯವರೆಲ್ಲ ನಕ್ಕರು, ನನಗೆ ಮುಖ ಕೆಂಪಾಯಿತು. ಶುಭಂ ಅನ್ನುವುದನ್ನು ನಾನು ಯೋಚನೆ ಮಾಡಿ ಹಾಕಿದ್ದಲ್ಲ. ನಿನ್ನ ಪತ್ರಗಳ ಕೊನೆಯಲ್ಲಿ ನೋಡಿ ನೋಡಿ ಅದು ಕೈಗೆ ಬಂದುಬಿಟ್ಟಿದೆ. ಈಗ ತೆಗೆದು ಸರಿಯಾದ ಕಡೆ ಇಟ್ಟಿದ್ದೇನೆ: ಒಂದು ಕಡತ ತಪ್ಪಿದರೂ ಆ ಮಾತು ಬರುವುದಿಲ್ಲ, ತಪ್ಪಿದವರ ಹೆಸರು ಕೊನೆಯಲ್ಲಿ ಬರುತ್ತದೆ. ಹೊಸ ಸಿ.ಡಿ. ಇದರ ಜೊತೆಗಿದೆ.

ಇನ್ನೂ ಮುರಿ.

ಹೈಮ


ಪೆದಲಂಕ
ಭಾದ್ರಪದ ಬಹುಳ ಏಕಾದಶಿ

ಹೈಮಾ, ಆಶೀರ್ವಾದಗಳು.

ಗೋದಾವರಿ ಮೈದುಂಬಿ ಒಂಬತ್ತು ದಿನ ರೇವಿನಲ್ಲಿ ದೋಣಿ ಬಿಡಲಿಲ್ಲ, ಅಂಚೆ ಚೀಲ ಆಚೆ ದಡದಲ್ಲೇ ಉಳಿಯಿತು. ಆ ಒಂಬತ್ತು ದಿನದಲ್ಲಿ ಆದದ್ದನ್ನು ಹೇಳುತ್ತೇನೆ, ನಿಧಾನವಾಗಿ ಓದು.

ಹೊಸ ದೋಣಿಯಲ್ಲಿ ನಲವತ್ತು ಕಂತನ್ನೂ ಬೇರೆ ಡಿಸ್ಕಿಗೆ ಹಚ್ಚಿದ್ದೆ. ಅರ್ಧಕ್ಕೆ ಕರೆಂಟು ಹೋಯಿತು. ನಾನು ಕಿತ್ತದ್ದಲ್ಲ, ದೇವರೇ ಕಿತ್ತ. ಮಾರನೇ ದಿನ ಕರೆಂಟು ಬಂದಾಗ ಅದೇ ಅಪ್ಪಣೆಯನ್ನು ಮತ್ತೆ ಕುಟ್ಟಿದೆ. ಅದು ಬುದ್ಧಿವಂತೆಯ ಹಾಗೆ, ‘ಇಪ್ಪತ್ತಮೂರು ಮೊದಲೇ ಅಲ್ಲಿವೆ, ಉಳಿದ ಹದಿನೇಳು ಸಾಗಿಸಿದೆ. ನಲವತ್ತೂ ತಲುಪಿವೆ. ಶುಭಂ’ ಅಂದಿತು.

ಮೇಷ್ಟ್ರು ಮುಷ್ಟಿ ಕಟ್ಟಿ ಮೇಜು ಗುದ್ದಿದರು. “ನೋಡಿದ್ಯಾ! ಬಿಟ್ಟ ಕಡೆಯಿಂದ ಹಿಡಕೊಂಡು ಹೋಯ್ತು. ನಾಳೇನೇ ಆ ಡಿಸ್ಕು ಹಚ್ಚೋಣ.”

“ನಾಳೆ ಬೇಡ ಮೇಷ್ಟ್ರೇ. ನಾನು ಎಣಿಸಬೇಕು” ಅಂದೆ.

“ಅದೇ ಎಣಿಸಿ ಹೇಳ್ತಾ ಇದೆಯಲ್ಲಮ್ಮ!”

“ಅದು ಎಣಿಸಿದ್ದು ಅದಕ್ಕೆ. ನಾನು ಎಣಿಸೋದು ನನಗೆ.”

“ಯಂತ್ರಕ್ಕಿಂತ ನೀನು ಹೆಚ್ಚಾ?”

“ರಾಮಕೋಟಿ ಬರೆಯೋಳು ನಾನಾ ಯಂತ್ರಾನಾ?”

ಅವರು ಕೊಡೆ ಎತ್ತಿಕೊಂಡು ಹೊರಟುಹೋದರು. ನಾನು ನಾಲ್ಕು ದಿನ ಕಸ ಗುಡಿಸುತ್ತಾ, ಪುಸ್ತಕದ ಧೂಳು ಒರೆಸುತ್ತಾ ನಲವತ್ತು ಕಂತನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಕೇಳಿದ ಪುಣ್ಯ ಬೇರೆ. ಇಪ್ಪತ್ತಮೂರನೇ ಕಂತಿನಲ್ಲಿ ಹನುಮಂತ ಮಹೇಂದ್ರಗಿರಿಯ ಮೇಲೆ ಪಾದ ಊರಿ ಹಾರಿದ. ದಾಸರು ತಾಳ ತಟ್ಟುತ್ತಾ ದನಿ ಏರಿಸುತ್ತಾ ಹೋದರು. ಹನುಮಂತ ಸಮುದ್ರದ ನಟ್ಟನಡುವೆ ಬಂದ. ಅಷ್ಟೇ. ಮುಂದೆ ಸದ್ದಿಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ, ಅಲ್ಲೇ ನಿಂತ.

ಕೈಯಲ್ಲಿದ್ದ ಪೊರಕೆ ಬಿದ್ದುಹೋಯಿತು. ಮೇಷ್ಟ್ರ ಮನೆಗೆ ಓಡಿದೆ. ಕೆಸರಿನಲ್ಲಿ ಚಪ್ಪಲಿ ಒಂದು ಅಲ್ಲೇ ಉಳಿಯಿತು. “ಬನ್ನಿ, ನಿಮ್ಮ ಹನುಮಂತ ಗಾಳಿಯಲ್ಲಿ ನೇತಾಡ್ತಾ ಇದ್ದಾನೆ” ಅಂದೆ. ಬಂದು ಕೇಳಿದರು. ಮೂರು ಸಲ ಕೇಳಿದರು. ಕುರ್ಚಿಗೆ ಒರಗಿ, “ಮಾಣಿಕ್ಯಾಂಬ, ಆವತ್ತೇ ಆ ಡಿಸ್ಕು ಹಚ್ಚಿದ್ದಿದ್ರೆ ಏನು ಗತಿ?” ಅಂದರು. ಅವರು ನನಗೆ ಕೈ ಮುಗಿದದ್ದು ಇದೇ ಮೊದಲು.

ಏನಾಗಿದೆ ಅಂದರೆ, ಕರೆಂಟು ಹೋದಾಗ ಇಪ್ಪತ್ತಮೂರನೆಯದು ಅರ್ಧ ದಾಟಿತ್ತು. ಆ ಅರ್ಧಕ್ಕೂ ಪೂರ್ತಿಯದೇ ಹೆಸರು. ಎರಡನೇ ಸಲ ನಿನ್ನ ದೋಣಿ ಹೆಸರು ನೋಡಿ ‘ಇವರು ಬಂದಾಗಿದೆ’ ಅಂತ ಬಿಟ್ಟುಬಿಟ್ಟಿದೆ.

ಈಗ ನಮ್ಮ ಅಮ್ಮ, ಅಂದರೆ ನಿನ್ನ ಅಮ್ಮಮ್ಮ, ಕಲಿಸಿದ್ದನ್ನು ಹೇಳುತ್ತೇನೆ. ರಾಮಕೋಟಿ ಬರೆಯುವಾಗ ಪುಟದ ಸಂಖ್ಯೆಯನ್ನು ಮೊದಲು ಸೀಸದ ಕಡ್ಡಿಯಲ್ಲಿ ತೆಳ್ಳಗೆ ಬರೆಯಬೇಕು. ಮಧ್ಯೆ ಹಾಲು ಉಕ್ಕಲಿ, ನೆಂಟರು ಬರಲಿ, ಎದ್ದು ಹೋಗು. ತಿರುಗಿ ಬಂದಾಗ ಸೀಸದ ಸಂಖ್ಯೆ ಕಂಡರೆ ಆ ಪುಟ ಅರ್ಧ ಅಂತ ತಿಳಿ. ನೂರೆಂಟೂ ಆಗಿ, ಮೊದಲಿನಿಂದ ಎಣಿಸಿ ನೋಡಿ, ಆಮೇಲೆ ಮಾತ್ರ ಕೆಂಪು ಶಾಯಿಯಲ್ಲಿ ಸಂಖ್ಯೆ ತಿದ್ದು. ಕೆಂಪು ಇಲ್ಲದ ಪುಟ ಭದ್ರಾಚಲಕ್ಕೆ ಹೋಗುವಂತಿಲ್ಲ. ನಿನ್ನ ದೋಣಿಗೆ ಸೀಸದ ಕಡ್ಡಿ ಇಲ್ಲ ಹೈಮಾ. ಮೊದಲ ನಾಮಕ್ಕೇ ಕೆಂಪು ಶಾಯಿ ಹಚ್ಚುತ್ತದೆ.

ಇನ್ನೊಂದು ಮಾತಿದೆ. ಮೂರು ವರ್ಷದಿಂದ ಬರೆಯಬೇಕೆಂದು ಬರೆಯದೆ ಬಿಟ್ಟದ್ದು. ಇವತ್ತು ಉಪವಾಸ, ಸುಳ್ಳು ಹೇಳುವ ದಿನವಲ್ಲ.

ನಿನ್ನ ಅಮ್ಮ, ನನ್ನ ತಂಗಿ ಸತ್ಯವೇಣಿ, ಕಾಯಿಲೆಯಿಂದ ಹಾಸಿಗೆ ಹಿಡಿದಾಗ ನಿನಗೆ ಪರೀಕ್ಷೆ ನಡೆಯುತ್ತಿತ್ತು. ನೀನು ಎರಡು ಪತ್ರ ಹಾಕಿದೆ. ಎರಡಕ್ಕೂ ನಾನು ‘ಎಲ್ಲರೂ ಕ್ಷೇಮ, ಶುಭಂ’ ಅಂತ ಬರೆದೆ. ನಿನ್ನ ಓದು ಕೆಡಬಾರದು ಅಂತ ಬರೆದೆ. ನೀನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ರೇವಿನಲ್ಲಿ ನೀನು ನನ್ನ ಮುಖ ನೋಡಲಿಲ್ಲ. ನನ್ನದು ಒಳ್ಳೆಯ ಮನಸ್ಸು ಅಂತ ನಾನೇ ನನಗೆ ಹೇಳಿಕೊಂಡು ಮೂರು ವರ್ಷ ಕಳೆದೆ. ಹನುಮಂತ ಸಮುದ್ರದ ಮೇಲೆ ನಿಂತದ್ದು ಕೇಳಿದಾಗ ತಿಳಿಯಿತು. ನಿನ್ನ ದೋಣಿ ಹೇಳಿದ್ದು ಯಾವ ಸುಳ್ಳೋ ನಾನು ಹೇಳಿದ್ದೂ ಅದೇ.

ತಪ್ಪು ನನ್ನದು.

ಮಾಣಿಕ್ಯಾಂಬ


ಪೆದಲಂಕ
ಆಶ್ವಯುಜ, ದಸರೆಯ ಮಾರನೇ ದಿನ

ಹೈಮಾ,

ನಿನ್ನ ಉತ್ತರ ಬಂದಿಲ್ಲ. ಸಿ.ಡಿ. ಬಂದಿಲ್ಲ. ದಿನಾ ರೇವಿಗೆ ಹೋಗಿ ನೋಡುತ್ತೇನೆ. ಮೇಷ್ಟ್ರು ಪಟ್ಟಣದವರಿಗೆ ಬರೆಯಲು ಕಾಗದ ತೆಗೆದು ಮೇಜಿನ ಮೇಲಿಟ್ಟಿದ್ದಾರೆ, ಇನ್ನೂ ಬರೆದಿಲ್ಲ. ಇಲ್ಲಿ ನಾನು ಕ್ಷೇಮವಾಗಿಲ್ಲ. ಆದದ್ದು ಆದ ಹಾಗೆ ಬರೆಯಬೇಕು ಅಂದವಳು ನೀನೇ, ಅದಕ್ಕೆ ಬರೆದೆ.

ಮಾಣಿಕ್ಯಾಂಬ


ವಿಶಾಖಪಟ್ಟಣ
ಅಕ್ಟೋಬರ್ 29

ಪೆದ್ದಮ್ಮ,

ನಿನ್ನ ಏಕಾದಶಿಯ ಪತ್ರವನ್ನು ಮೂರು ಸಲ ಓದಿದೆ. ಮೊದಲ ಎರಡು ಸಲ ಅರ್ಧಕ್ಕೆ ನಿಲ್ಲಿಸಿದೆ. ಮೂರನೇ ಸಲ ಕೊನೆಯವರೆಗೆ ಓದಿದ ಮೇಲೆ ಹೊರಗೆ ಹೋಗಿ ಕಡಲ ದಂಡೆಯಲ್ಲಿ ಬಹಳ ಹೊತ್ತು ನಡೆದೆ. ಅದಕ್ಕೆ ತಡವಾಯಿತು.

ದೋಣಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದೇನೆ, ಸಿ.ಡಿ. ಇದರ ಜೊತೆಗಿದೆ. ಈಗ ಪ್ರತಿ ಕಡತಕ್ಕೂ ಆಚೆ ದಡದಲ್ಲಿ ಮೊದಲು ಒಂದು ತಾತ್ಕಾಲಿಕ ಹೆಸರು. ಅದೇ ನಿನ್ನ ಸೀಸದ ಕಡ್ಡಿ. ಪೂರ್ತಿ ಇಳಿದ ಮೇಲೆ ಎರಡೂ ದಡದಲ್ಲಿ ಎಣಿಸಿ, ತಾಳೆಯಾದರೆ ಮಾತ್ರ ನಿಜವಾದ ಹೆಸರು. ಸೀಸದ ಹೆಸರು ಕಂಡರೆ ಅದನ್ನು ಅಳಿಸಿ ಮೊದಲಿನಿಂದ ಸಾಗಿಸುತ್ತದೆ. ಒಂದು ಕಡತ ಓದಲು ಬರದಿದ್ದರೆ ಅಲ್ಲೇ ಕೂತು ಅಳದೆ, ಹೆಸರು ಬರೆದಿಟ್ಟುಕೊಂಡು ಮುಂದೆ ಹೋಗುತ್ತದೆ.

ನಮ್ಮ ಮುಖ್ಯಸ್ಥರು ಈ ಉಪಾಯ ಎಲ್ಲಿ ಕಲಿತೆ ಎಂದು ಕೇಳಿದರು. ನಮ್ಮ ಪೆದ್ದಮ್ಮನ ರಾಮಕೋಟಿ ಪುಸ್ತಕದಲ್ಲಿ ಅಂದೆ. ತಮಾಷೆ ಅಂದುಕೊಂಡರು. ದೋಣಿಯ ಜೊತೆ ಹೋಗುವ ಹಾಳೆಯಲ್ಲಿ, ಪರೀಕ್ಷಿಸಿದವರು ಎಂದು ಇರುವ ಕಡೆ ನಿನ್ನ ಹೆಸರು ಹಾಕಿದ್ದೇನೆ. ಕೆಂಪಕ್ಷರದಲ್ಲಿ.

ಒಂದು ಕೇಳುತ್ತೇನೆ. ಆ ಹಾಡುಗಳಲ್ಲಿ ಆರುನೂರ ಹನ್ನೊಂದನೆಯದು ಅಮ್ಮನದು, ಅರಿಶಿನ ಕುಟ್ಟುವ ಹಾಡು. ಮೇಷ್ಟ್ರು ಕಳಿಸಿದ್ದ ಪಟ್ಟಿಯಲ್ಲಿ ನೋಡಿದ್ದೆ. ಅಲ್ಲಿರುವ ತಾರೀಖು ಅವಳು ಹಾಸಿಗೆ ಹಿಡಿಯುವ ಹಿಂದಿನ ವಾರದ್ದು. ಅದನ್ನು ಕೊನೆಯವರೆಗೆ ಕೇಳಿ ಹೇಳು.

ಇನ್ನೊಂದು. ಕೊನೆಗೆ ಅಮ್ಮ ನನ್ನನ್ನು ಕೇಳಿದಳಾ? ಇದ್ದದ್ದು ಇದ್ದ ಹಾಗೆ ಬರೆ.

ಹೈಮ


ಪೆದಲಂಕ
ಕಾರ್ತಿಕ ಸೋಮವಾರ

ಚಿರಂಜೀವಿ ಹೈಮಾವತಿಗೆ ಪೆದ್ದಮ್ಮನ ಆಶೀರ್ವಾದಗಳು.

ಇವತ್ತೂ ಉಪವಾಸ, ನಕ್ಷತ್ರ ಕಂಡ ಮೇಲೆ ಊಟ. ನಸುಕಿಗೇ ಗೋದಾವರಿಯಲ್ಲಿ ಮುಳುಗೆದ್ದು, ಬಾಳೆ ದೊನ್ನೆಯಲ್ಲಿ ದೀಪ ಬಿಟ್ಟು, ಒದ್ದೆ ಸೀರೆಯಲ್ಲೇ ಶಿವಾಲಯ ಸುತ್ತಿ ಬಂದೆ. ಹೊಟ್ಟೆ ಖಾಲಿಯಿದ್ದರೂ ಎದೆ ತುಂಬಿದೆ. ಗೆದ್ದೆವು ಹೈಮಾ!

ಶುಕ್ರವಾರ ಪಟ್ಟಣದ ಕಂಪನಿಯವರೊಬ್ಬರು, ಮೇಷ್ಟ್ರು ಬರೆಯದಿದ್ದರೂ, ತಾವಾಗಿಯೇ ಡಿಸ್ಕು ಒಯ್ಯಲು ಬಂದಿದ್ದರು. ಒಳ್ಳೆಯ ಮನುಷ್ಯ, ಕನ್ನಡಕ, ಕೈಯಲ್ಲಿ ಚರ್ಮದ ಚೀಲ. ಮೇಷ್ಟ್ರು, “ಒಂದು ಗಳಿಗೆ ಕೂತ್ಕೊಳ್ಳಿ. ಮೊದಲು ನಮ್ಮಮ್ಮ ಮುರೀಲಿ, ಆಮೇಲೆ ಮಾತು” ಅಂದರು. ಅವರ ಎದುರಿಗೇ ಹರಿಕಥೆ ಹಚ್ಚಿ ಮೂರು ಸಲ ವೈರು ಕಿತ್ತೆ. ಒಂದು ಸಲ ಕಿತ್ತಾಗ ಆ ಮನುಷ್ಯ “ಅಯ್ಯಯ್ಯೋ!” ಅಂತ ಎದ್ದೇ ನಿಂತ. ಜಾಗ ತುಂಬಿಸಿದೆ. ಬೀಗ ಹಾಕಿದೆ. ಪ್ರತಿ ಸಲವೂ ಅದು ಎಷ್ಟು ತಲುಪಿತು, ಯಾವುದು ತಲುಪಲಿಲ್ಲ ಅಂತ ಕೊನೆಯ ಸಾಲಿನಲ್ಲೇ ಹೇಳಿತು. ಎಲ್ಲ ತೊಂದರೆ ಬಿಡಿಸಿ ಮತ್ತೆ ಹಚ್ಚಿದೆ. ನಲವತ್ತು. ಶುಭಂ. ಇಪ್ಪತ್ತಮೂರನೆಯದನ್ನು ಗಟ್ಟಿಯಾಗಿ ಹಾಕಿದೆ. ಹನುಮಂತ ಸಮುದ್ರ ದಾಟಿ ಲಂಕೆಯಲ್ಲಿ ಇಳಿದ. ಮೇಷ್ಟ್ರು ಎದ್ದು “ಜೈ ಹನುಮಾನ್!” ಅಂತ ಕೂಗಿದರು, ಎಪ್ಪತ್ತು ವರ್ಷದವರು.

ಪಟ್ಟಣದವರು ತಮ್ಮ ಚೀಲದ ಬಾಯಿ ಮುಚ್ಚಿದರು. “ನಮ್ಮಲ್ಲಿರೋದು ಇಷ್ಟು ನಿಜ ಹೇಳೋದಿಲ್ಲಮ್ಮ” ಅಂದರು. ಮೇಷ್ಟ್ರು ಬರೆಯಲು ತೆಗೆದಿಟ್ಟಿದ್ದ ಕಾಗದದಲ್ಲಿ ನಾನು ಕಡಲೆಕಾಯಿ ಪೊಟ್ಟಣ ಕಟ್ಟಿ ಅವರಿಗೆ ದಾರಿಗೆ ಕೊಟ್ಟೆ.

ಶನಿವಾರ ಆ ಡಿಸ್ಕು ಹಚ್ಚಿದೆವು. ದೀಪ ಹಚ್ಚಿ, ಕಾಯಿ ಒಡೆದು. ಟಕ್ ಟಕ್ ಟಕ್. ಆರು ಗಂಟೆ ಹೊತ್ತು ಹಿಡಿಯಿತು. ಹಾಡಿದ ಹೆಂಗಸರಲ್ಲಿ ನಡೆಯಬಲ್ಲವರೆಲ್ಲ ಬಂದು ಲೈಬ್ರರಿ ಜಗುಲಿಯಲ್ಲಿ ಕೂತಿದ್ದರು, ಹೆರಿಗೆ ಮನೆಯ ಹೊರಗೆ ಕೂತ ಹಾಗೆ. ಕೊನೆಗೆ ಅದು ಹೇಳಿತು: ‘ಸಾವಿರದ ನೂರ ಮೂವತ್ತೊಂಬತ್ತು ತಲುಪಿದವು. ಒಂದು ತಲುಪಲಿಲ್ಲ: ಎಂಬತ್ತೇಳು, ಬುಲ್ಲೆಮ್ಮ, ನಾಟಿ ಹಾಡು.’ ಶುಭಂ ಅನ್ನಲಿಲ್ಲ. ಭಾನುವಾರ ಮತ್ತೆ ಹಚ್ಚಿದೆವು. ಆಗಲೂ ಅದೇ ಮಾತು. ಆಮೇಲೆ ಡಿಸ್ಕು ಸುಮ್ಮನಾಯಿತು, ಇನ್ನು ತಿರುಗುವುದಿಲ್ಲ.

ಮೇಷ್ಟ್ರ ಮುಖ ಸಣ್ಣಗಾಯಿತು. ಆಗ ಜಗುಲಿಯ ಮೂಲೆಯಿಂದ ಬುಲ್ಲೆಮ್ಮನೇ ಕೋಲೂರಿಕೊಂಡು ಎದ್ದಳು. ಎಂಬತ್ತೆರಡು ವಯಸ್ಸು, ಬಾಯಲ್ಲಿ ಎರಡು ಹಲ್ಲು.

“ಯಾವ್ದು ತಪ್ಪಿತು?”

“ನಿನ್ನದೇ ಅಜ್ಜಿ, ನಾಟಿ ಹಾಡು.”

“ಅದಕ್ಕೆ ಯಾಕೆ ಸಾವಿನ ಮನೆ ಥರ ಕೂತಿದ್ದೀರಿ? ನಾನು ಸತ್ತಿದ್ದೀನಾ? ಮಿಶಿನ್ನು ತನ್ನಿ, ಇನ್ನೊಂದ್ಸಲ ಹಾಡ್ತೀನಿ. ಆವತ್ತು ಗಂಟಲು ಕಟ್ಟಿತ್ತು, ಇವತ್ತು ಚೆನ್ನಾಗಿದೆ.”

ಜಗುಲಿಯೆಲ್ಲ ನಕ್ಕಿತು, ನಾನು ಅತ್ತೆ. ದೋಣಿ ಸುಮ್ಮನೆ ಶುಭಂ ಅಂದಿದ್ದರೆ ಬುಲ್ಲೆಮ್ಮ ಇರುವಾಗಲೇ ಅವಳ ಹಾಡು ಸತ್ತಿರುತ್ತಿತ್ತು, ನಮಗೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಇಲ್ಲ ಅಂತ ಹೆಸರು ಹಿಡಿದು ಹೇಳಿದ್ದಕ್ಕೆ ಉಳಿಯಿತು. ಆದರೆ ಹಾಡು ಹಿಡಿಯುವ ಯಂತ್ರ ಕೆಟ್ಟಿದೆ, ನಿನ್ನ ಹತ್ತಿರ ಒಂದಿದೆ ಅಂತ ಮೇಷ್ಟ್ರು ಹೇಳುತ್ತಾರೆ.

ಈಗ ನಿನ್ನ ಮಾತಿಗೆ ಬರುತ್ತೇನೆ.

ಕೇಳಿದಳು. ದಿನಾ ಕೇಳಿದಳು. ‘ಹೈಮನ ಪರೀಕ್ಷೆ ಮುಗೀತಾ’ ಅಂತ ಕೇಳುತ್ತಿದ್ದಳು. ‘ನಾಳೆ ಬರ್ತಾಳೆ’ ಅಂತ ನಾನು ಅವಳಿಗೂ ಸುಳ್ಳು ಹೇಳಿದೆ. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಆರುನೂರ ಹನ್ನೊಂದನ್ನು ಕೊನೆಯವರೆಗೆ ಕೇಳಿದೆ. ಹಾಡು ಪೂರ್ತಿ ಇದೆ, ಒನಕೆಯ ಸದ್ದೂ ಇದೆ. ಹಾಡು ಮುಗಿದ ಮೇಲೆ ಯಂತ್ರ ನಿಲ್ಲಿಸಲು ಮೇಷ್ಟ್ರು ಮರೆತಿದ್ದರು ಅಂತ ಕಾಣುತ್ತದೆ. ಅಲ್ಲಿ ಸತ್ಯವೇಣಿ ನಗುತ್ತಾಳೆ, ಆಮೇಲೆ ಮಾತಾಡುತ್ತಾಳೆ. ಒಂದು ನಿಮಿಷಕ್ಕೂ ಹೆಚ್ಚಿದೆ. ನಿನ್ನ ಹೆಸರು ಎರಡು ಸಲ ಬರುತ್ತದೆ. ಏನು ಹೇಳಿದಳು ಅಂತ ನಾನು ಬರೆಯುವುದಿಲ್ಲ. ಅವಳ ದನಿಯಿಲ್ಲದೆ ಬರೀ ಮಾತು ಬರೆದರೆ ಅರ್ಧ ನಕಲಾಗುತ್ತದೆ. ಅರ್ಧಕ್ಕೆ ಪೂರ್ತಿಯ ಹೆಸರಿಡುವ ಕೆಲಸ ನಾನು ಇನ್ನು ಮಾಡುವುದಿಲ್ಲ.

ಈ ಪತ್ರಕ್ಕೆ ಕೊನೆಯಲ್ಲಿ ಆ ಪದ ಹಾಕಿಲ್ಲ, ನೋಡು. ಎಂಬತ್ತೇಳನೇ ಹಾಡು ಬಂದಿಲ್ಲ, ನೀನೂ ಬಂದಿಲ್ಲ. ಸೀಸದ ಕಡ್ಡಿಯಲ್ಲೇ ಇಟ್ಟಿದ್ದೇನೆ.

ನೀನು ಕೇಳಿದ್ದಕ್ಕೆ ನಿಜವಾದ ಉತ್ತರ ಹೊಸ ಡಿಸ್ಕಿನಲ್ಲಿದೆ. ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ರಾಮಕೋಟಿ ಪುಸ್ತಕದ ಪಕ್ಕದಲ್ಲಿ ಇಟ್ಟಿದ್ದೇನೆ. ಅಂಚೆಗೆ ಹಾಕುವುದಿಲ್ಲ. ಬುಲ್ಲೆಮ್ಮನ ಹಾಡು ಹಿಡಿಯುವ ಯಂತ್ರ ಕೈಗೆ ಕೊಟ್ಟು, ಪೌರ್ಣಮಿಯೊಳಗೆ ಯಾರನ್ನಾದರೂ ಕಳಿಸಿ ನನ್ನ ಉತ್ತರ ತರಿಸಿಕೋ. ರೇವು ಗೊತ್ತಿರುವವರನ್ನು, ಸತ್ಯವೇಣಿಯ ಮಗಳನ್ನೇ ಕಳಿಸು.

ಇಂತಿ ನಿನ್ನ ಪೆದ್ದಮ್ಮ,
ಮಾಣಿಕ್ಯಾಂಬ